ಏಳನೇ ಗಂಟು

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ, ಒಂದು ಮಾತನ್ನೂ ಸೇರಿಸಿಲ್ಲ. ಗಂಟೆ, ನಿಮಿಷ, ತಲೆಲೆಕ್ಕ ಎಲ್ಲವೂ ಆ ರಾತ್ರಿಯೇ ನನ್ನ ಡೈರಿಗೆ ಇಳಿದದ್ದು. ಬರೆದವಳು ನಾನೇ. ಆದರೂ ಮನೆಯಲ್ಲಿ ಒಬ್ಬಳೇ ಇರುವಾಗ ಆ ಪುಟ ತೆರೆಯುವುದಿಲ್ಲ.

ಶನಿವಾರ, ಭಾನುವಾರ ಹೈಸ್ಕೂಲು ಮಕ್ಕಳನ್ನು ಕಾಡಿಗೆ ಕರೆದೊಯ್ಯುವುದು ನನ್ನ ಕೆಲಸ. ಪ್ರಾಣಿಗಳ ಹೆಜ್ಜೆ ಗುರುತಿಸುವುದು, ಒದ್ದೆ ಕಟ್ಟಿಗೆಯಲ್ಲಿ ಬೆಂಕಿ ಹಚ್ಚುವುದು, ದಾರಿ ತಪ್ಪಿದರೆ ಏನು ಮಾಡಬೇಕು ಎನ್ನುವುದು... ಇಂಥವನ್ನು ಕಲಿಸುತ್ತೇನೆ. ಕಳೆದ ಡಿಸೆಂಬರಿನ ಒಂದು ಶನಿವಾರ ಸಂಪಾಜೆಯ ಹತ್ತಿರ, ರಬ್ಬರ್ ತೋಟ ಮುಗಿದು ಕಾಡು ಶುರುವಾಗುವಲ್ಲಿ ಒಂಬತ್ತು ಮಕ್ಕಳೊಂದಿಗೆ ಟೆಂಟು ಹಾಕಿದ್ದೆ. ತೋಟ ಕುಶಾಲಪ್ಪಣ್ಣನದು. ಅರವತ್ತು ದಾಟಿದವರು, ಆ ಕಾಡಿನಲ್ಲೇ ಬೆಳೆದವರು. ನಮಗೆ ದಾರಿ ತೋರಿಸುವವರೂ ಅವರೇ.

ಆ ಸಂಜೆಯ ಪಾಠ, ಕತ್ತಲಲ್ಲಿ ಒಬ್ಬೊಬ್ಬರೇ ಕೂರುವುದು. ಟೆಂಟಿನಿಂದ ಕಾಡಿನೊಳಕ್ಕೆ ಮರದಿಂದ ಮರಕ್ಕೆ ಹಗ್ಗ ಕಟ್ಟಿ, ಹದಿನೈದು ಹೆಜ್ಜೆಗೊಂದು ಗಂಟು ಹಾಕಿದ್ದೆ. ಗಂಟಿಗೊಬ್ಬರು. ಟಾರ್ಚಿಲ್ಲ, ಮಾತಿಲ್ಲ. ನಾನು ಹಗ್ಗ ಹಿಡಿದು ಬಂದು ಭುಜವನ್ನು ಎರಡು ಸಲ ತಟ್ಟುತ್ತೇನೆ. ಅವರು ನನ್ನ ಕೈಯನ್ನು ಎರಡು ಸಲ ತಟ್ಟಬೇಕು. ಲೆಕ್ಕ ಸರಿ ಎಂದರ್ಥ.

"ಆನೆ ಬಂದ್ರೂ ತಟ್ಟಬೇಕಾ ಅಕ್ಕಾ?" ಎಂದ ಎಂಟನೇ ಗಂಟಿನ ಪವನ್.

"ಆನೆ ನಿನ್ನನ್ನು ತಟ್ಟಿದ್ರೆ ವಾಪಸ್ ತಟ್ಲಿಕ್ಕೆ ನೀನು ಉಳಿಯುದಿಲ್ಲ ಮಾರಾಯ," ಎಂದಳು ಲಿಯಾ. ನೆಲ್ಯಾಡಿಯ ಹುಡುಗಿ, ಒಂಬತ್ತನೇ ಕ್ಲಾಸು. ಏಳನೇ ಗಂಟು ಅವಳದು.

ಕುಶಾಲಪ್ಪಣ್ಣ ನಗಲಿಲ್ಲ. "ತಟ್ಟುದೆಲ್ಲ ಎಂತಕ್ಕೆ ಮಾರಾಯ್ತಿ? ಕಾಡಲ್ಲಿ ನಾವು ಕೂ ಹಾಕುದು. ಮನುಷ್ಯ ಆದ್ರೆ ತಿರುಗಿ ಕೂ ಹಾಕ್ತಾನೆ. ಮುಟ್ಟಿದ್ರೆ ಯಾರಂತ ಗೊತ್ತಾಗುದು ಹೇಗೆ?"

"ಸದ್ದಿಲ್ಲದೆ ಕೂರುದನ್ನೇ ಕಲಿಸ್ಲಿಕ್ಕೆ ಬಂದದ್ದಲ್ವಾ ಕುಶಾಲಪ್ಪಣ್ಣ?"

"ಆಯ್ತಪ್ಪ. ಓದಿದವಳು ನೀನು," ಎಂದು ಬೀಡಿ ಹಚ್ಚಿದರು.

7.10ಕ್ಕೆ ಎಲ್ಲರೂ ಕುಳಿತರು. 7.25ಕ್ಕೆ ಮೊದಲ ಸುತ್ತು. ಒಂದು, ಎರಡು, ಮೂರು... ತಟ್ಟಿದೆ, ತಟ್ಟಿದರು. ಏಳನೇ ಗಂಟಿನಲ್ಲಿ ಭುಜ ತಣ್ಣಗಿತ್ತು. ಇಬ್ಬನಿ ಇರಬೇಕು ಎಂದುಕೊಂಡೆ. ಕೈ ನನ್ನನ್ನು ಎರಡು ಸಲ ತಟ್ಟಿತು. ಒಂಬತ್ತೂ ಸರಿ.

7.45ಕ್ಕೆ ಎರಡನೇ ಸುತ್ತು. ಏಳನೇ ಗಂಟು ತಲುಪುವ ಮೊದಲೇ ವಾಸನೆ ಬಂತು... ಹೊಳೆಕಲ್ಲಿಗೆ ಹಿಡಿದ ಪಾಚಿಯ ವಾಸನೆ. ಭುಜದ ಬಟ್ಟೆ ಹಿಂಡಿದರೆ ನೀರು ಸುರಿಯುವಷ್ಟು ಒದ್ದೆ. ನೀರಿನ ಬಾಟಲಿ ಚೆಲ್ಲಿಕೊಂಡಳೇ? ಕೇಳಬಹುದಿತ್ತು. ಮಾತಾಡಬಾರದೆಂಬ ನಿಯಮ ನನ್ನದೇ. ಕೈ ಎರಡು ಸಲ ತಟ್ಟಿತು. ಆಮೇಲೆ ತೆಗೆಯಲಿಲ್ಲ. ನನ್ನ ಬೆರಳುಗಳ ಮೇಲೆ ಹಾಗೇ... ಸ್ವಲ್ಪ ಹೊತ್ತು ಇತ್ತು.

ಬಿಡಿಸಿಕೊಂಡು ಮುಂದೆ ಹೋದೆ. ಒಂಬತ್ತೂ ಸರಿ.

ಎಂಟು ಗಂಟೆಗೆ ಸೀಟಿ ಊದಿದೆ. ಮಕ್ಕಳು ಹಗ್ಗ ಹಿಡಿದು ಒಬ್ಬರ ಹಿಂದೊಬ್ಬರು ಬೆಂಕಿಯ ಬಳಿಗೆ ಬಂದರು. ಎಂಟು ಜನ.

"ಲಿಯಾ ಎಲ್ಲಿ?"

"ಏಳನೇ ಗಂಟಲ್ಲಿ ಯಾರೂ ಇರ್ಲಿಲ್ಲ ಅಕ್ಕಾ," ಎಂದ ಪವನ್. "ಮುಂದೆ ಹೋದ್ಳು ಅಂತ ಮಾಡಿದೆ."

"ಕಾಲು ಗಂಟೆ ಮೊದಲು ಮುಟ್ಟಿ ಬಂದಿದ್ದೇನೆ ಮಾರಾಯ!"

ಹೆಸರು ಹಿಡಿದು ಕೂಗಿದೆ. ಗಂಟಲು ಹರಿಯುವಂತೆ ಕೂಗಿದೆ. ಘಾಟಿ ಹತ್ತುವ ಲಾರಿಯ ಸದ್ದು ದೂರದಲ್ಲಿ, ಕೆಳಗೆ ಹೊಳೆಯ ಸದ್ದು. ಅಷ್ಟೇ. ಬೆಳಿಗ್ಗೆ ಅವಳ ಅಪ್ಪ ಜೀಪಿನಲ್ಲಿ ಬಿಟ್ಟುಹೋಗುವಾಗ "ನಿಮ್ಮನ್ನು ನಂಬಿ ಬಿಡುದು" ಎಂದದ್ದು ಕಿವಿಯೊಳಗೇ ಇತ್ತು.

ಕುಶಾಲಪ್ಪಣ್ಣ ನನ್ನನ್ನು ಸರಿಸಿ, ಬಾಯಿಗೆ ಎರಡೂ ಕೈ ಹಿಡಿದರು. "ಕೂ..."

ಏನಿಲ್ಲ. ಇನ್ನೊಮ್ಮೆ. ಏನಿಲ್ಲ. ಮೂರನೇ ಸಲಕ್ಕೆ ಹೊಳೆಯ ಕಡೆಯಿಂದ, ಎಳೆಯಷ್ಟು ಸಣ್ಣಗೆ... "ಕೂ..."

ದೊಡ್ಡ ಮಕ್ಕಳ ವಶಕ್ಕೆ ಉಳಿದವರನ್ನು ಬಿಟ್ಟು ಇಬ್ಬರೂ ಓಡಿದೆವು. 8.20ಕ್ಕೆ ಅವಳು ಸಿಕ್ಕಿದಳು. ಹಗ್ಗದಿಂದ ಇನ್ನೂರು ಹೆಜ್ಜೆ ಕೆಳಗೆ, ಬಂಡೆಯ ಮೇಲೆ ನಿಂತಿದ್ದಳು. ಟಾರ್ಚು ಹಾಕಿ ನೋಡಿದರೆ ಅವಳ ಕಾಲಿನಿಂದ ಒಂದೇ ಹೆಜ್ಜೆ ಮುಂದೆ ಕಪ್ಪು ನೀರು. ಬಿದಿರು ಇಳಿಸಿದರೂ ತಳ ಸಿಗದ ಗುಂಡಿಯಂತೆ ಅದು, ಕುಶಾಲಪ್ಪಣ್ಣ ಆಮೇಲೆ ಹೇಳಿದರು. ಮೈ ಮೇಲೆ ಒಂದು ಗಾಯವಿಲ್ಲ. ಬಟ್ಟೆ... ಒಣಗಿಯೇ ಇತ್ತು.

ಬೆಂಕಿಯ ಬಳಿ ಹಾಲಿಲ್ಲದ ಕಟ್ಟಂಚಾಯ ಕುಡಿಯುತ್ತಾ ಹೇಳಿದಳು. "ಕೂತ ಐದು ನಿಮಿಷಕ್ಕೆ ಒಂದಕ್ಕೆ ಅರ್ಜೆಂಟಾಯ್ತು. ಮಾತಾಡ್ಬಾರ್ದು ಅಂದಿದ್ರಲ್ಲ... ಹಗ್ಗ ಬಿಟ್ಟು ಹೋದೆ, ಮತ್ತೆ ಸಿಗ್ಲಿಲ್ಲ, ಹುಡುಕ್ತಾ ಆ ಬಂಡೆವರೆಗೆ ಬಂದೆ. ದಾರಿ ತಪ್ಪಿದ್ರೆ ಇದ್ದಲ್ಲೇ ಕೂತ್ಕೊಳ್ಳಿ ಅಂತ ಹೇಳಿಕೊಟ್ಟದ್ದು ನೀವೇ. ಕೂತೆ."

"ಹೆದರಿಕೆ ಆಗ್ಲಿಲ್ವಾ ನಿಂಗೆ?"

"ಎಂತಕ್ಕೆ? ನೀವು ಬಂದ್ರಲ್ಲ."

ನಾನು ಅವಳ ಕಡೆ ತಿರುಗಿದೆ.

"ಭುಜ ತಟ್ಟಿದ್ರಿ, ನಾನೂ ತಟ್ಟಿದೆ. ಹಗ್ಗ ಬಿಟ್ಟದ್ದಕ್ಕೆ ಬೈಲಿಲ್ಲ ಅಂತ ಸಮಾಧಾನ ಆಯ್ತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಬಂದ್ರಿ. ಮೂರನೇ ಸಲ ಮಾತ್ರ ತಟ್ಲಿಲ್ಲ... ಕೈ ಹಿಡಿದು ಎಬ್ಬಿಸಿ ಎಳೆದ್ರಿ. ಹೊಳೆ ಸದ್ದಲ್ಲಿ ಬೇರೆ ಎಂತದೂ ಕೇಳ್ತಿರ್ಲಿಲ್ಲ, ಅಷ್ಟರಲ್ಲಿ ಇವರ ಕೂ ಕೇಳಿತು. ನಾನು ಕೂ ಹಾಕಿದೆ, ನೀವು ಕೈ ಬಿಟ್ರಿ."

ಕುಶಾಲಪ್ಪಣ್ಣ ಅರ್ಧ ಸೇದಿದ ಬೀಡಿಯನ್ನು ಬೆಂಕಿಗೆ ಹಾಕಿದರು. "ಸಾಕು. ಎಲ್ಲ ಮಲಕ್ಕೊಳ್ಳಿ ಇನ್ನು."

ನಾನು ಹಾಕಿದ್ದು ಎರಡೇ ಸುತ್ತು. ಎರಡೂ ಸಲ ಹಗ್ಗದಿಂದ ಕೈ ತೆಗೆದಿಲ್ಲ. ಲಿಯಾಗೆ ಇದನ್ನು ಇವತ್ತಿಗೂ ಹೇಳಿಲ್ಲ.

ಈಗ ಆ ಪಾಠ ಬಿಟ್ಟಿದ್ದೇನೆ. ನನ್ನ ಮಕ್ಕಳು ಕಾಡಿನಲ್ಲಿ ಸಂತೆಯಷ್ಟು ಗಲಾಟೆ ಮಾಡುತ್ತಾರೆ, ಮಾಡಲಿ. ಮೊನ್ನೆ ಲಿಯಾಳ ಮೆಸೇಜ್ ಬಂತು. ಮುಂದಿನ ಕ್ಯಾಂಪಿಗೆ ಅಪ್ಪ ಒಪ್ಪಿದ್ದಾರೆ, ಹೆಸರು ಬರೆದುಕೊಳ್ಳಿ ಅಕ್ಕಾ ಎಂದು.

ಬಂಡೆಯ ಹಿಂದೆ ಕಾಡಿನ ದಾರಿ, ಮುಂದೆ ನೀರು. ಆ ಕೈ ಅವಳನ್ನು ಎಳೆದದ್ದು ಯಾವ ಕಡೆಗೆ? ಅವಳಿಗೆ ಗೊತ್ತಿರುತ್ತದೆ. ಒಂದು ಮಾತು ಕೇಳಿದರೆ ಸಾಕು.

ಮೆಸೇಜಿಗೆ ನಾನಿನ್ನೂ ಉತ್ತರ ಬರೆದಿಲ್ಲ.