ಮೂರು ಸಲ ಒತ್ತಿದ ಗುಂಡಿ

ನಮ್ಮ ಸೀಮೆಯಲ್ಲಿ ಮುಚ್ಚಿದ ಬಾಗಿಲ ಮುಂದೆ ನಿಂತು ಒಂದೇ ಸಲ ಕೂಗಿದವರಿಗೆ ಯಾರೂ ಓಗೊಡುವುದಿಲ್ಲ. ದೆವ್ವ ಒಂದೇ ಸಲ ಕರೆಯುತ್ತದೆ, ಮನುಷ್ಯನಾದರೆ ಮೂರು ಸಲ ಕರೆದಾನು ಎಂಬುದು ಅಜ್ಜಿಯರ ಕಾಲದ ನಂಬಿಕೆ. ಹೊಳಲ್ಕೆರೆಯಲ್ಲಿ ಕನ್ನಡ ಮೇಷ್ಟ್ರಾಗಿ ಮಕ್ಕಳಿಗೆ ಮೂಢನಂಬಿಕೆಯ ವಿರುದ್ಧ ಭಾಷಣ ಬಿಗಿದು ಬಂದ ದಿನವೂ ನಾನು ಮೊದಲ ಕೂಗಿಗೆ ಕುರ್ಚಿ ಬಿಟ್ಟು ಎದ್ದವನಲ್ಲ. ನೀವು ನಕ್ಕರೆ ನಗಿ. ಕರೆಯುವವರೂ ಅಷ್ಟೇ, ಒಂದೇ ಉಸಿರಿಗೆ ಮೂರು ಸಲ ಕೂಗಿಯೇ ಸುಮ್ಮನಾಗುತ್ತಾರೆ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿದ್ದಾಗ, ದುರ್ಗದಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ನನ್ನ ತಂಗಿ ಸುಧಾ ರಕ್ತದಾನಿಗಳಿಗಾಗಿ ಅಂತರ್ಜಾಲದಲ್ಲೊಂದು ಪುಟ ಕಟ್ಟಿದಳು. ರಕ್ತದ ಗುಂಪು ಆರಿಸಿ ಗುಂಡಿ ಒತ್ತಿದರಾಯಿತು. ಆ ಗುಂಪಿನ ಒಬ್ಬ ದಾನಿಯ ಮೊಬೈಲಿಗೆ ಸಂದೇಶ ಹೋಗುತ್ತದೆ, ಅವನು ಬೇರೆಯವರಿಗೆ ಸಿಗದಂತೆ ಹೆಸರು ಪಟ್ಟಿಯಿಂದ ಸರಿಯುತ್ತದೆ. ಆಗಿನ ಪುಟಗಳು ಏನು ಕೇಳಿದರೂ ಒಮ್ಮೆ ಪೂರ್ತಿ ಬೆಳ್ಳಗಾಗಿ ಮತ್ತೆ ಮೇಲಿನಿಂದ ಇಂಚಿಂಚಾಗಿ ಇಳಿದುಬರುತ್ತಿದ್ದವು. ಆ ಬಿಳುಪನ್ನು ನಾವೆಲ್ಲ ಶಪಿಸಿದ್ದೆವು. ಆದರೆ 'ತಡೀರಿ, ಕೇಳಲು ಹೋಗಿದ್ದೇನೆ' ಎಂದು ಹೇಳುತ್ತಿದ್ದುದೂ ಅದೇ. ಸುಧಾಳದು ಹೊಸ ವಿದ್ಯೆ. ಪುಟ ಕದಲುವುದೇ ಇಲ್ಲ, ಗುಂಡಿಯೊಂದೇ ಸದ್ದಿಲ್ಲದೆ ಕೋರಿಕೆಯನ್ನು ಕಳಿಸಿ ಉತ್ತರ ತರುತ್ತದೆ. ಅವಳ ಕೋಣೆಯಲ್ಲಿ ರೆಪ್ಪೆ ಮಿಟುಕಿಸುವುದರೊಳಗೆ ಉತ್ತರ ಬರುತ್ತಿದ್ದುದರಿಂದ, ನಡುವಿನ ಕಾಯುವಿಕೆಗೂ ಒಂದು ಮಾತು ಬೇಕೆಂದು ಅವಳಿಗೆ ಹೊಳೆಯಲಿಲ್ಲ. ಪುಟವನ್ನು ನೋಡಿ ಬೆನ್ನು ತಟ್ಟಿದ ನನಗೂ ಹೊಳೆಯಲಿಲ್ಲ.

ನನ್ನದು ಓ ನೆಗೆಟಿವ್, ಸುಲಭಕ್ಕೆ ಸಿಗದ ರಕ್ತ. ಒಂದು ಬೆಳಿಗ್ಗೆ ಸಂದೇಶ ಬಂತು. ಶಾಲೆಗೆ ರಜೆ ಹೇಳಿ ಬಸ್ಸು ಹತ್ತಿದೆ. ದುರ್ಗದ ಆಸ್ಪತ್ರೆಯ ಪಡಸಾಲೆ ತಲುಪುವಷ್ಟರಲ್ಲಿ ಬಬ್ಬೂರಿನ ಒಬ್ಬರು ಆಗಲೇ ರಕ್ತ ಕೊಟ್ಟು ಬಿಸ್ಕತ್ತು ತಿನ್ನುತ್ತಿದ್ದರು. ಹೊಸದುರ್ಗದಿಂದ ಬಂದ ಇನ್ನೊಬ್ಬರು ತೋಳು ಮಡಚಿ ಕಾದಿದ್ದರು. ನೋಡಿದರೆ ಮೂವರಿಗೂ ಒಬ್ಬಳೇ ರೋಗಿ, ಯಲ್ಲದಕೆರೆಯ ರಂಗಪ್ಪನವರ ಸೊಸೆ. ಅವಳಿಗೆ ಒಂದು ಬಾಟಲಿ ಸಾಕಾಗಿತ್ತು.

"ಮೂರು ಜನರನ್ನ ಯಾಕ್ರಿ ಕರೆಸಿದ್ರಿ?" ಎಂದು ಅಲ್ಲೇ ನಿಂತಿದ್ದ ರಂಗಪ್ಪನವರನ್ನು ಕೇಳಿದೆ.

"ಹಿರಿಯೂರಿನ ಸೈಬರ್‌ನಾಗೆ ಕುಂತು ಒತ್ತಿದೆ ಸಾಮಿ. ಅದು ಮಿಸುಕಾಡ್ಲೇ ಇಲ್ಲ. ಒಂದೇ ಸಲ ಕೂಗಿದ್ರೆ ಯಾರು ಓಗೊಡ್ತಾರೆ? ಅದ್ಕೆ ಇನ್ನೆರಡು ಸಲ ಒತ್ತಿದೆ. ನೋಡ್ರಿ, ಎಲ್ಲಾರೂ ಬಂದೇಬಿಟ್ರಿ!"

ನಕ್ಕೆವು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕೆವು. ತಂಗಿಯನ್ನು ಛೇಡಿಸೋಣವೆಂದು ಅಲ್ಲಿಂದಲೇ ಫೋನು ಮಾಡಿ ಕಥೆ ಹೇಳಿದೆ. ಆ ಕಡೆಯಿಂದ ನಗು ಬರಲಿಲ್ಲ.

"ಅಣ್ಣಾ, ಓ ನೆಗೆಟಿವ್‌ಗೆ ಇಡೀ ಪಟ್ಟೀಲಿ ಇರೋದೇ ನೀವು ಮೂವರು. ಮೂವರೂ ಅಲ್ಲೇ ಕೂತಿದ್ರೆ, ಬೆಳಗಿಂದ ಬೇರೆ ಯಾರೇ ಕೇಳಿದ್ರೂ ಅದು ದಾನಿಗಳಿಲ್ಲ ಅಂದಿರುತ್ತೆ."

"ಯಾರಾದರೂ ಕೇಳಿದ್ದಾರಾ?"

"ಗೊತ್ತಿಲ್ಲ. ಇಲ್ಲ ಅಂದಿದ್ದನ್ನ ಅದು ನೆನಪಿಟ್ಟುಕೊಳ್ಳಲ್ಲ."

ರಕ್ತನಿಧಿಯ ಕಿಟಕಿಗೆ ಓಡಿ, ಓ ನೆಗೆಟಿವ್ ಬೇಕೆಂದು ಬೇರೆ ಯಾರಾದರೂ ಬಂದಿದ್ದರೇ ಎಂದು ಕೇಳಿದೆ. ಅಲ್ಲಿದ್ದ ನರ್ಸಮ್ಮ ತಲೆ ಎತ್ತದೆಯೇ ಅಂದರು: "ಬೆಳಿಗ್ಗೆ ಒಬ್ರು ಬಂದಿದ್ರು, ಹರಿಯಬ್ಬೆ ಕಡೆಯ ಕುರಿಯೋರು. ಹೆಂಡ್ತಿಗೆ ಹೆರಿಗೆಯಾಗಿ ರಕ್ತ ನಿಂತಿಲ್ಲ. ಇಲ್ಲೇ ಕಂಪ್ಯೂಟರ್‌ನಲ್ಲಿ ಒತ್ತಿ ನೋಡಿದ್ರೆ ದಾನಿಗಳಿಲ್ಲ ಅಂತು. ಬೇರೆ ಊರಿಗೆ ಹೇಳಿ ಕಳಿಸಿದೀವಿ, ಇನ್ನೂ ಬಂದಿಲ್ಲ."

ಹೊರಗೆ ಕೂತಿದ್ದ ನಾವಿಬ್ಬರು ಅದೇ ಗುಂಪಿನವರೆಂದು ಅವರಿಗೆ ಗೊತ್ತಿರಲಿಲ್ಲ. ಆ ಕುರಿಯವನ ಹೆಸರು ಚಿಕ್ಕಣ್ಣ. ನಾವು ಮೂವರು ಕೂತು ನಗುತ್ತಿದ್ದ ಪಡಸಾಲೆಯ ಕೆಳಗಿನ ಮೆಟ್ಟಿಲ ಮೇಲೆ, ಹೆಗಲ ಕಂಬಳಿಯನ್ನು ಮಡಿಲಲ್ಲಿ ಮುದ್ದೆ ಮಾಡಿಕೊಂಡು ಕೂತಿದ್ದ. ನಮ್ಮ ನಗು ಅವನಿಗೆ ಕೇಳಿಸಿರಲೇಬೇಕು. ರಕ್ತ ಇದೆ, ಏಳು ಎಂದರೆ ನಂಬಲೊಲ್ಲ.

"ಇಲ್ವಂತಲ್ರಿ. ಕಂಪ್ಯೂಟ್ರೇ ಇಲ್ಲ ಅಂತು. ಅದೇ ಇಲ್ಲ ಅಂದ್ಮೇಲೆ ಇನ್ನ್ಯಾರನ್ನ ಕೇಳಾದು ಅಂತ ಸುಮ್ನೆ ಕುಂತೀನಿ."

ಆ ಮಾತಿಗೆ ನಾನು ಬೆಚ್ಚಿದಷ್ಟು ಯಾವ ದೆವ್ವದ ಕಥೆಗೂ ಬೆಚ್ಚಿದವನಲ್ಲ. ಮನುಷ್ಯರು ಇಲ್ಲವೆಂದಿದ್ದರೆ ಅವನು ಕಾಲು ಹಿಡಿಯುತ್ತಿದ್ದ, ಜಗಳವಾಡುತ್ತಿದ್ದ, ಸಿಕ್ಕಸಿಕ್ಕವರ ತೋಳು ಎಳೆಯುತ್ತಿದ್ದ. ಯಂತ್ರಕ್ಕೆ ಸುಳ್ಳು ಹೇಳುವ ಗರಜಿಲ್ಲವೆಂಬ ನಂಬಿಕೆಯಿಂದ, ಹೆಂಡತಿಯ ಜೀವವನ್ನೇ ಕೈಚೆಲ್ಲಿ ಕೂತಿದ್ದ. ಹೊಸದುರ್ಗದವರೂ ನಾನೂ ಅಕ್ಕಪಕ್ಕದ ಮಂಚಗಳಲ್ಲಿ ತೋಳು ಚಾಚಿ ಮಲಗಿದೆವು. ಮೇಲಿನ ಫ್ಯಾನನ್ನೇ ನೋಡುತ್ತ, ಒಂದು ಗುಂಡಿಗೂ ಅದರ ಉತ್ತರಕ್ಕೂ ನಡುವೆ ಇಷ್ಟು ದೊಡ್ಡ ಪ್ರಪಾತವಿರಬಹುದೇ ಎಂದು ದಿಗ್ಭ್ರಮೆಗೊಂಡೆ. ಸಂಜೆ ಹೊತ್ತಿಗೆ ಚಿಕ್ಕಣ್ಣನ ಹೆಂಡತಿ ಕಣ್ಣು ಬಿಟ್ಟಳಂತೆ.

ಸುಧಾ ಆ ವಾರ ಸರಿಯಾಗಿ ಊಟ ಮಾಡಲಿಲ್ಲ. ಪುಟವನ್ನು ಬಿಚ್ಚಿ ಮತ್ತೆ ಕಟ್ಟಿದಳು. ಈಗ ಒಮ್ಮೆ ಒತ್ತಿದರೆ ಗುಂಡಿ ಮಂಕಾಗಿ ಮತ್ತೆ ಒತ್ತಲು ಬಿಡದು; ಪಕ್ಕದಲ್ಲೊಂದು ಚಕ್ರ ತಿರುಗುತ್ತ 'ಕೇಳುತ್ತಿದ್ದೇವೆ, ತಡೀರಿ' ಎನ್ನುತ್ತದೆ. ತಂತಿ ಕಡಿದರೆ 'ಕೋರಿಕೆ ತಲುಪಲಿಲ್ಲ' ಎಂದು ಒಪ್ಪಿಕೊಳ್ಳುತ್ತದೆ; ಒಬ್ಬ ರೋಗಿಗಾಗಿ ಎಷ್ಟು ಸಲ ಕೇಳಿದರೂ ಒಂದೇ ಕೋರಿಕೆಯೆಂದು ತಿಳಿಯುತ್ತದೆ. ಕಾಯುವುದು, ಸಿಕ್ಕುವುದು, ಸಿಕ್ಕದಿರುವುದು, ಕೇಳಲಿಕ್ಕೇ ಆಗದಿರುವುದು ಬೇರೆ ಬೇರೆ ಸಂಗತಿಗಳೆಂದು ಮನುಷ್ಯರಿಗೇ ಎಷ್ಟೋ ಸಲ ತಿಳಿಯುವುದಿಲ್ಲ. ಯಂತ್ರಕ್ಕೆ ಅದನ್ನೆಲ್ಲ ಕೂತು ಕಲಿಸಬೇಕು.

ಹೆಂಡತಿ ಕೂಸಿನೊಡನೆ ಊರಿಗೆ ಹೊರಟ ದಿನ ಚಿಕ್ಕಣ್ಣ ನಮ್ಮನ್ನು ಕಂಡು ಹೋಗಲು ಸುಧಾಳ ಕೋಣೆಗೆ ಬಂದ. ಸುಧಾ ತಡೆಯಲಾರದೆ ನಡೆದದ್ದನ್ನೆಲ್ಲ ಹೇಳಿ, ರಿಪೇರಿ ಮಾಡಿದ ಪುಟವನ್ನು ಅವನಿಗೆ ತೋರಿಸಿದಳು. ಬೈಯುತ್ತಾನೆಂದು ನಾವಿಬ್ಬರೂ ಕಾದಿದ್ದೆವು. ಅವನು ತಿರುಗುವ ಚಕ್ರವನ್ನೇ ಬಹಳ ಹೊತ್ತು ನೋಡಿದ.

"ಚೆನ್ನಾಗೈತೆ ಕಣವ್ವ," ಅಂದ. "ಅಲ್ಲಾ, ನಂಗಿಂತ ಮುಂಚೆ ಇನ್ನೆಷ್ಟು ಜನಕ್ಕೆ ಇಲ್ಲ ಅಂದಿತ್ತವ್ವ ಅದು?"