ತೊಗರಿ ಚೀಲ ಮತ್ತು ಒಂದನೇ ಲೆವಲ್ಲು

ಇವತ್ತು ಬೆಳಿಗ್ಗೆ ಹುಮನಾಬಾದಿನಿಂದ ಮಾಮಾ ಕಳಿಸಿದ ತೊಗರಿ ಚೀಲ ಬಂತು. ಹೊಸ ಗೋಣಿಯ ವಾಸನೆ ನಿಮಗೂ ಗೊತ್ತಿರಬೇಕು. ಸೆಣಬು, ಧೂಳು, ಒಣ ಹೊಟ್ಟು ಎಲ್ಲ ಸೇರಿ ಮೂಗಿಗೆ ಹೊಡೆದರೆ ಯಾರಿಗಾದರೂ ಸೀನು ಬರಬೇಕು. ನನಗೆ ಸೀನು ಬರುವುದಿಲ್ಲ, ಕಾಲು ಸುಮ್ಮನಿರುವುದಿಲ್ಲ! ಚೀಲವನ್ನು ಹಿತ್ತಲಲ್ಲಿ ಇಳಿಸಿಕೊಂಡವಳೇ ಗೋಡೆಯ ಗೂಟಕ್ಕೆ ತೂಗುಹಾಕಿದ್ದ ನನ್ನ ಸೈಕಲ್ಲಿನ ಕಡೆ ನೋಡಿದೆ. ಅದಕ್ಕೆ ಒಂದೇ ಗಾಲಿ. ನಗಬೇಡಿ. ಅಥವಾ ನಕ್ಕುಬಿಡಿ, ಅದಕ್ಕೇನಂತೆ? ಬಸವಕಲ್ಯಾಣದಲ್ಲಿ ಅದನ್ನು ನೋಡಿ ನಗದೆ ಉಳಿದವರು ಯಾರೂ ಇಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು, ನಾನು ಒಂಬತ್ತನೇ ಇಯತ್ತೆಯಲ್ಲಿದ್ದೆ. ದಸರೆಯ ರಜೆಗೆ ಹುಮನಾಬಾದಿಗೆ, ಅವ್ವನ ತಮ್ಮ ಶಿವಪ್ಪ ಮಾಮಾನ ಮನೆಗೆ ಹೋದಾಗ ಹೆದ್ದಾರಿ ಪಕ್ಕದ ಬಯಲಲ್ಲಿ ಸರ್ಕಸ್ಸು ಇಳಿದಿತ್ತು. ಆನೆ ನೆನಪಿಲ್ಲ, ಜೋಕರು ನೆನಪಿಲ್ಲ. ನನ್ನದೇ ವಯಸ್ಸಿನ ಒಬ್ಬ ಹುಡುಗಿ ಒಂದೇ ಗಾಲಿಯ ಮೇಲೆ ಕುಳಿತು, ಎರಡೂ ಕೈ ಚಾಚಿ, ಊರನ್ನೇ ಗೆದ್ದವಳಂತೆ ಸುತ್ತು ಹೊಡೆದದ್ದು ಮಾತ್ರ ನೆನಪಿದೆ. ನನಗೂ ಅದು ಬೇಕು ಎಂದು ಹಟ ಹಿಡಿದೆ. ಮಾಮಾನಿಗೆ ಇಂಥ ಹುಚ್ಚುತನವೆಂದರೆ ಹಬ್ಬ. ನನ್ನ ಸಣ್ಣ ಸೈಕಲ್ಲನ್ನು ರಿಪೇರಿ ಅಂಗಡಿಗೆ ಒಯ್ದು ಅರ್ಧಕ್ಕೆ ಕಡಿಸಿ, ಪೆಡಲುಗಳನ್ನು ಗಾಲಿಯ ಅಚ್ಚಿಗೇ ವೆಲ್ಡಿಂಗ್ ಮಾಡಿಸಿಬಿಟ್ಟ. ಚೈನಿಲ್ಲ, ಬ್ರೇಕಿಲ್ಲ.

ಅವ್ವ ತಲೆ ಚಚ್ಚಿಕೊಂಡಳು. "ಎರಡು ಗಾಲಿ ಇದ್ದದ್ದು ಒಂದ ಮಾಡ್ಕೊಂಡು ಬಂದೀಯಲ್ಲ, ನಿನಗೇನು ದೆವ್ವ ಬಡದದ?"

ಮಾಮಾನಿಗೆ ಗಂಜ್‌ನಲ್ಲಿ ಅಡತಿ, ಎಂದರೆ ದಲ್ಲಾಳಿ ಅಂಗಡಿ. ದವಸದ ಪೇಟೆಗೆ ನಮ್ಮ ಕಡೆ ಗಂಜ್ ಎನ್ನುತ್ತೇವೆ. ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಬಸ್ಸು ಹತ್ತಿದರೆ ಐತಾರ ಇಡೀ ದಿನ ಗಂಜಿನ ಸಿಮೆಂಟು ಅಂಗಳ ನನ್ನದು. ಎರಡೂ ಕಡೆ ಆಳೆತ್ತರದ ಚೀಲಗಳ ಥಪ್ಪಿ, ನಡುವೆ ಸಣ್ಣ ಓಣಿ, ತುದಿಗೆ ಗೋಡೆ. ಓಣಿಯ ಬಾಯಲ್ಲಿ ಮಾಮಾ ಒಂದೇ ಒಂದು ತೊಗರಿ ಚೀಲವನ್ನು ನಿಲ್ಲಿಸುತ್ತಿದ್ದ. ಅದರ ಮೇಲೆ ಕುಳಿತು, ಗಾಡಿಯ ಸೀಟನ್ನು ನನ್ನ ಕೆಳಗೆ ಸರಿಸಿಕೊಂಡು, ಪೆಡಲಿಗೆ ಕಾಲಿಟ್ಟು, ಶಿವಾ ಎಂದು ನೂಕಿಕೊಳ್ಳುವುದು! ಮೊದಮೊದಲು ಎರಡು ಮೊಳ ಹೋಗಿ ಬೀಳುತ್ತಿದ್ದೆ. ಹಮಾಲರು ಬೀಡಿ ಸೇದುತ್ತ ಎಣಿಸುತ್ತಿದ್ದರು, "ಇದು ಇಪ್ಪತ್ತೊಂದನೇದು ನೋಡ್ರಿ." ಒಂದು ಐತಾರ ಗೋಡೆಯವರೆಗೂ ಹೋಗಿಬಿಟ್ಟೆ! ಚೀರಿದ ಚೀರಿಗೆ ಥಪ್ಪಿಯ ಮೇಲಿನ ಪಾರಿವಾಳಗಳೆಲ್ಲ ಎದ್ದುಹೋದವು.

ಆದರೆ ಗೋಡೆ ಮುಟ್ಟಿದ ಮೇಲೆ? ತಿರುಗಲು ಜಾಗವಿಲ್ಲ. ಇಳಿದರೆ ಗಾಡಿ ಎತ್ತಿಕೊಂಡು ಹಮಾಲರೆದುರು ನಡೆಯುತ್ತ ಮತ್ತೆ ಚೀಲದ ತನಕ ಬರಬೇಕು. ನೆಲದಿಂದ ಏರುವುದಂತೂ ನನಗೆ ಬರುತ್ತಲೇ ಇರಲಿಲ್ಲ. ಹಾಗಾಗಿ ಗೋಡೆಗೆ ಕೈ ಕೊಟ್ಟು ಹಿಂದಕ್ಕೆ ತುಳಿಯುವುದನ್ನು ಕಲಿತೆ. ಹಿಂದಕ್ಕೆ, ಹಿಂದಕ್ಕೆ, ಚೀಲದ ಮೇಲೆ ಧಪ್ಪನೆ ಕೂಡುವ ತನಕ. ಇದು ದೊಡ್ಡ ವಿದ್ಯೆ ಎಂದು ಆಗ ನನಗೇನು ಗೊತ್ತು? ಮರ್ಯಾದೆ ಉಳಿಸಿಕೊಳ್ಳಲು ಮಾಡಿದ ಕೆಲಸ ಅದು.

ಸುದ್ದಿ ನಮ್ಮ ಶಾಲೆಯ ಪಿ.ಟಿ. ಮಾಸ್ತರರಾದ ಹಣಮಂತ ಸರ್ ಕಿವಿಗೆ ಬಿತ್ತು. ಸರ್ ಶಿಸ್ತಿನ ಮನುಷ್ಯರು, ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು, ಕೊರಳಲ್ಲಿ ಸೀಟಿ. ಒಂಟಿ ಗಾಲಿಯ ಮೇಲೆ ತಾವು ಒಮ್ಮೆಯೂ ಕುಳಿತವರಲ್ಲ, ಆದರೆ ಪುಣೆಯ ಭಾವಮೈದುನನಿಂದ ಅದರ ಪರೀಕ್ಷೆಗಳ ಒಂದು ಪಟ್ಟಿ ತರಿಸಿ ಆಟದ ಕೋಣೆಯ ಗೋಡೆಗೆ ಅಂಟಿಸಿದರು. ಒಂದರಿಂದ ಹತ್ತರವರೆಗೆ ಲೆವಲ್ಲು! ಒಂದನೆಯದು: ಯಾವ ಆಧಾರವೂ ಇಲ್ಲದೆ ನೆಲದಿಂದ ಏರಬೇಕು, ಐವತ್ತು ಮೀಟರ್ ಹೋಗಬೇಕು, ಬೀಳದೆ ಇಳಿಯಬೇಕು. "ಒಂದನೇ ಲೆವಲ್ ಪಾಸಾಗು. ಜನವರಿ ಇಪ್ಪತ್ತಾರಕ್ಕ ಮೆರವಣಿಗಿ ಮುಂದ ನೀನ," ಎಂದರು.

ಬ್ಯಾಂಡಿನ ಮುಂದೆ, ಇಡೀ ಊರಿನ ಮುಂದೆ, ನಾನು! ಅನ್ನ ಸೇರಲಿಲ್ಲ ಮಾರಾಯರೇ. ಶಾಲೆಯ ಮೈದಾನದಲ್ಲಿ ನೆಲದಿಂದ ಏರಲು ದಿನವೂ ಹೆಣಗಿದೆ. ಗಾಡಿ ಮುಂದಕ್ಕೆ ಚಿಮ್ಮುತ್ತಿತ್ತು, ನಾನು ಹಿಂದಕ್ಕೆ. ಮೈದಾನ ತಗ್ಗುದಿನ್ನೆ ಅದ ಸರ್ ಎಂದು ದೂರಿದರೆ ಸರ್, "ಕುಣಿಲಿಕ್ಕ ಬರಲಾರದಾಕಿ ನೆಲ ಡೊಂಕು ಅಂದಳಂತ," ಎಂದು ನಕ್ಕರು.

ಪರೀಕ್ಷೆಯ ದಿನ ಮಾಮಾ ಬಂದ. ಬರಿಗೈಯಲ್ಲಲ್ಲ, ಹುಮನಾಬಾದಿನಿಂದ ಬಸ್ಸಿನಲ್ಲಿ ಒಂದು ತೊಗರಿ ಚೀಲ ಹಾಕಿಕೊಂಡು! ಕಂಡಕ್ಟರು ಚೀಲ ಯಾಕೆಂದು ಕೇಳಿದರೆ, "ನಮ್ಮ ಪೋರಿ ಪರೀಕ್ಷಾ ಅದರಿ," ಅಂದನಂತೆ.

ಸರ್ ಚೀಲವನ್ನೇ ದಿಟ್ಟಿಸಿದರು. "ಆಧಾರ ಇಲ್ಲದ ಏರಬೇಕು ಅಂತ ಬರದದ. ಇದು ಆಧಾರ ಅಲ್ಲೇನು?"

"ತೊಗರಿರಿ ಅದು!" ಎಂದ ಮಾಮಾ. ಆಮೇಲೆ ತಗ್ಗಿದ ದನಿಯಲ್ಲಿ, "ಸರ್, ಗಂಜ್‌ನ್ಯಾಗ ಚೀಲದ ಮ್ಯಾಲೆ ಬರದ ನಂಬರ ನೋಡಿ ಯಾರೂ ಮಾಲು ತಗೊಳ್ಳಂಗಿಲ್ರಿ. ಬಿಚ್ಚಿ, ಮುಷ್ಟಿ ಕಾಳು ಕೈಯಾಗ ಹಿಡದು ನೋಡ್ತೀವಿ. ನೀವೂ ಒಮ್ಮೆ ನೋಡಿಬಿಡ್ರಿ."

ಸರ್ ಆಗಲಿ ಎಂದು ತಲೆಯಾಡಿಸಿದರು. ನಾನು ಚೀಲದಿಂದ ನೂಕಿಕೊಂಡೆ. ಮೈದಾನವನ್ನು ಒಂದು ಸುತ್ತು ಹಾಕಿದೆ. ಶಾಲೆಯ ಗೋಡೆ ಎದುರು ಬಂದೊಡನೆ ರೂಢಿಯಂತೆ ಅದಕ್ಕೆ ಕೈ ಕೊಟ್ಟು ಹಿಂದಕ್ಕೆ ತುಳಿದೆ, ಹಿಂದಕ್ಕೆ, ಚೀಲದ ಮೇಲೆ ಧಪ್! ಸರ್ ಬಾಯಿಂದ ಸೀಟಿ ಕೆಳಗೆ ಬಿತ್ತು. ಪಟ್ಟಿಯ ಮುಂದೆ ಹೋಗಿ ಬೆರಳಿಟ್ಟು ಹುಡುಕಿದರು. ಹಿಂದಕ್ಕೆ ಹೋಗುವುದು ಐದನೇ ಲೆವಲ್ಲು! ಬಹಳ ಹೊತ್ತು ಯೋಚಿಸಿ ತಮ್ಮ ವಹಿಯಲ್ಲಿ ಬರೆದರು: ಒಂದನೇ ಲೆವಲ್ ನಪಾಸು, ಐದನೇ ಲೆವಲ್ ಪಾಸು. ಒಂದನೇ ಇಯತ್ತೆ ನಪಾಸಾಗಿ ಐದನೆಯದು ಪಾಸಾದವರನ್ನು ನೀವು ಕಂಡಿದ್ದೀರಾ? ನಾನೇ ಅವಳು.

"ಮೆರವಣಿಗಿಗೆ ಬಾ," ಎಂದರು ಸರ್. "ಆದ್ರ ಒಂದನೇದು ಆಗಿಲ್ಲ ಅನ್ನೋದು ಮರೀಬ್ಯಾಡ."

ಮರೆಯದೆ ಇರುತ್ತೇನೆಯೇ? ನಿಂತಲ್ಲಿ ಮರೆತೆ! ಲೆವಲ್ಲಂತೆ ಲೆವಲ್ಲು, ಓಡಿಸಲು ಬಂದರೆ ಸಾಕಲ್ಲ ಎಂದು ಗೆಳತಿಯರ ಮುಂದೆ ಜಂಬ ಕೊಚ್ಚಿದೆ. ಇಪ್ಪತ್ತಾರರ ಮುಂಜಾನೆ ಶಾಲೆಯ ಕಟ್ಟೆಯಿಂದಲೇ ಏರಿ ಹೊರಟೆ. ಹಿಂದೆ ಬ್ಯಾಂಡು, ಎರಡೂ ಕಡೆ ಜನ, ಎದೆಯಲ್ಲಿ ನಗಾರಿ. ಕೋಟೆಯ ರಸ್ತೆಗೆ ಬಂದಾಗ ಓಣಿಯೊಂದರಿಂದ ಕುರಿಗಳ ಹಿಂಡು ನುಗ್ಗಿತು. ಬಿದ್ದೆ.

ಎದ್ದು ನಿಂತೆ. ಸುತ್ತ ನೋಡಿದೆ. ಚೀಲವಿಲ್ಲ, ಕಟ್ಟೆಯಿಲ್ಲ. ಏರಲು ಹೋದೆ, ಬಿದ್ದೆ. ಮತ್ತೆ ಹೋದೆ, ಮತ್ತೆ ಬಿದ್ದೆ. ಬ್ಯಾಂಡು ನಿಂತಿತು. "ಹೊತ್ಕೊಂಡು ನಡೀ ಪೋರಿ!" ಎಂದು ಯಾರೋ ಕೂಗಿದರು, ರಸ್ತೆಗೆ ರಸ್ತೆಯೇ ನಕ್ಕಿತು. ಆ ಪಟ್ಟಿ ಮಾಡಿದ ಪುಣ್ಯಾತ್ಮರು ಏರುವುದನ್ನು ಯಾಕೆ ಮೊದಲಿಗೆ ಇಟ್ಟಿದ್ದಾರೆಂದು ನನಗೆ ಆಗ ತಿಳಿಯಿತು. ಬಿದ್ದಲ್ಲೆಲ್ಲ ಮಾಮಾನ ಚೀಲ ಇರುವುದಿಲ್ಲ. ನಾಚಿಕೆಯಿಂದ ಅಳು ಬಂತು.

ಹಿಂದಿನಿಂದ ಹಣಮಂತ ಸರ್ ಬಂದರು. ಬೈಯುತ್ತಾರೆಂದುಕೊಂಡೆ. ಅವರು ಆ ಬಿಳಿ ಪ್ಯಾಂಟಿನಲ್ಲೇ ಧೂಳಿನಲ್ಲಿ ಮೊಣಕಾಲೂರಿ ಕುಳಿತರು.

"ಹೆಗಲ ಮ್ಯಾಲೆ ಕೈ ಇಡು. ಏರು."

"ಸರ್, ಆಧಾರ..."

"ಇವತ್ತು ಪರೀಕ್ಷಾ ಇಲ್ಲ. ಏರು ಅಂದೆ."

ಏರಿದೆ. ಬ್ಯಾಂಡು ಮತ್ತೆ ಶುರುವಾಯಿತು. ಕೊನೆಯವರೆಗೂ ಹೋದೆ, ಜನ ಚಪ್ಪಾಳೆ ಹೊಡೆದರು. ಆದರೆ ಮುಂದೆ ಕಾಲೇಜು, ಮದುವೆ, ಮಕ್ಕಳು ಎಂದು ಎರಡು ಸಾವಿರದ ಆ ದಶಕವೂ ಕಳೆದುಹೋಯಿತು, ಒಂದನೇ ಲೆವಲ್ಲು ಹಾಗೇ ಉಳಿಯಿತು. ಲೆವಲ್ಲು ಬೇಕೋ ಬೇಡವೋ ಎಂದು ನೀವು ಕೇಳಿದರೆ ಮಾಮಾನ ಮಾತೂ ಖರೆ, ಸರ್ ಪಟ್ಟಿಯೂ ಖರೆ ಎನ್ನುತ್ತೇನೆ. ನನ್ನ ಮಟ್ಟಿಗೆ ಮಾತ್ರ ಆ ಬಿಳಿ ಪ್ಯಾಂಟಿನ ಮೊಣಕಾಲಿನ ಕಲೆ ಇನ್ನೂ ಹೋಗಿರಲಿಲ್ಲ.

ಇವತ್ತು ಸೈಕಲ್ಲಿಗೆ ಗಾಳಿ ಹೊಡೆದೆ. ತೊಗರಿ ಚೀಲವನ್ನು ಅಡುಗೆಮನೆಗೆ ಎಳೆದುಹಾಕಿ ಹಿತ್ತಲ ಬಾಗಿಲು ಹಾಕಿಕೊಂಡೆ. ಎಷ್ಟು ಸಲ ಬಿದ್ದೆ ಎಂದು ಕೇಳಬೇಡಿ, ಎಣಿಸಲು ಹಮಾಲರು ಇರಲಿಲ್ಲ. ಕೊನೆಗೊಮ್ಮೆ ನೆಲ ಬಿಟ್ಟು ಮೇಲೆದ್ದೆ! ನಾನೇ, ನನ್ನ ಕಾಲ ಮೇಲೆ ನಾನೇ! ಬಾವಿಯ ತನಕ ಹೋದೆ! ಏದುಸಿರು ಬಿಡುತ್ತಲೇ ಸರ್‌ಗೆ ಫೋನು ಹಚ್ಚಿದೆ. ಈಗ ಅವರು ರಿಟೈರಾಗಿ ಮನೆಯಲ್ಲಿದ್ದಾರೆ.

"ಸರ್, ಒಂದನೇ ಲೆವಲ್ ಆತ್ರಿ! ಚೀಲ ಇಲ್ಲ, ಗ್ವಾಡಿ ಇಲ್ಲ!"

ಸರ್ ಆ ಕಡೆಯಿಂದ ಕೇಳಿದರು, "ಐವತ್ತು ಮೀಟರ್ ಹೋದೆ?"

"ಹಿತ್ತಲ ಅಷ್ಟಿಲ್ರಿ ಸರ್."

"ಇಳದಿದ್ದು ಹ್ಯಾಂಗ?"

"ಬಿದ್ದೆರಿ."

"ಹಂಗಾರ ಇನ್ನಾ ನಪಾಸ," ಎಂದರು. ನಗುತ್ತಿದ್ದರು ಅಂತ ಕಾಣುತ್ತದೆ. "ಐತಾರ ಮುಂಜಾನಿ ಮೈದಾನಕ್ಕ ಬಾ. ಸೀಟಿ ಇನ್ನಾ ನನ್ನ ಹತ್ರಾನೇ ಅದ."

ಐತಾರಕ್ಕೆ ಇನ್ನೂ ಮೂರು ದಿನ. ತೊಗರಿಯನ್ನೆಲ್ಲ ದೊಡ್ಡ ಡಬ್ಬಗಳಿಗೆ ಸುರಿದು, ಖಾಲಿ ಗೋಣಿಯನ್ನು ಮಡಚಿಟ್ಟು, ಮತ್ತೆ ಹಿತ್ತಲಿಗೆ ಓಡಿದೆ.