ಕೆಂಪಾಪುರದ ಮೇಡಂ ಮನೆಯ ಅವರೆಕಾಳು

ಈ ಸಲದ ಅವರೆಕಾಯಿಗೆ ಸೊಗಡು ಚೆನ್ನಾಗಿದೆ. ಬೆಳಿಗ್ಗೆ ನೆನೆಸಿದ ಕಾಳನ್ನು ಹಿತುಕಿ ಸೋಪು ಹಾಕಿ ಕೈ ತೊಳೆದೆ, ಆದರೂ ಬೆರಳಿನ ವಾಸನೆ ಹೋಗಲಿಲ್ಲ. ಪೇಪರು ಮಡಚಿಡುವಾಗ ಅದು ಮೂಗಿಗೆ ಬಡಿಯಿತು, ಹಿಂದೆಯೇ ಕೆಂಪಾಪುರದ ಮೇಡಂ ನೆನಪಾದರು. ಸಂಕ್ರಾಂತಿಯ ಹಿಂದುಮುಂದೆ ಪ್ರತಿ ವರ್ಷವೂ ಹೀಗೇ ಆಗುತ್ತದೆ...

ಅವರು ಲೈಫ್ ಕೋಚ್. ಅದು ಎಂಥ ಕೆಲಸ ಎಂದು ನನಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಪೂರ್ತಿ ಗೊತ್ತಿಲ್ಲ. ಡಾಕ್ಟರಲ್ಲ, ವಕೀಲರಲ್ಲ, ಜ್ಯೋತಿಷಿಯೂ ಅಲ್ಲ. ಬದುಕಿನಲ್ಲಿ ಏನಾದರೂ ಬದಲಾಯಿಸಿಕೊಳ್ಳಬೇಕು ಅನ್ನುವವರು ವಾರಕ್ಕೊಮ್ಮೆ ಹೋಗಿ ಅವರ ಮುಂದೆ ಕೂರಬೇಕಂತೆ. ನಾದಿನಿ ಹೀಗೆ ವಿವರಿಸಿದಾಗ, ಇವಳಿಗೆ ಇದರಲ್ಲಿ ಕಮಿಷನ್ ಇರಬೇಕು ಎಂದುಕೊಂಡೆ.

ಅನುಮಾನ ನನ್ನ ಹೊಟ್ಟೆಪಾಡಾಗಿತ್ತು. ಯಶವಂತಪುರದ ಆಚೆ ಒಂದು ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ಬೇರೆಯವರು ಮಾಡಿಟ್ಟ ಬಿಡಿಭಾಗಗಳಲ್ಲಿ ತಪ್ಪು ಹುಡುಕುವುದೇ ಕೆಲಸ. ಎಲ್ಲ ಸರಿಯಾಗಿದೆ ಅನಿಸಿದರೆ ಇನ್ನೊಮ್ಮೆ ನೋಡು ಅನ್ನುವುದು ನಮ್ಮ ಮೇಲಿನವರ ಪಾಠ. ಸಂಜೆ ಗಂಗಾನಗರದ ಮನೆಗೆ ಬಂದು ಬೂಟು ಬಿಚ್ಚುತ್ತಿದ್ದೆನೇ ಹೊರತು ಆ ಕಣ್ಣನ್ನು ಬಿಚ್ಚಿಡಲು ಆಗುತ್ತಿರಲಿಲ್ಲ. ಹಾಲಿಗೆ ನೀರು ಬೆರೆತಿದೆಯೇ, ಗ್ಯಾಸಿನವನು ತೂಕ ಸರಿ ಕೊಟ್ಟನೇ, ಮಗಳ ಫೋನು ಯಾಕೆ ಬ್ಯುಸಿ ಬರುತ್ತಿದೆ...

ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋಗಿ ನಾಲ್ಕೈದು ವರ್ಷವಾಗಿದ್ದ ಕಾಲ ಅದು. ಮಗಳು ಬಿ.ಕಾಂ. ಓದುತ್ತಿದ್ದಳು. ಒಂದು ಬೆಳಿಗ್ಗೆ ಅವಳು ಹತ್ತಿದ ಬಸ್ಸಿನ ಹಿಂದೆ ಸ್ಕೂಟರಿನಲ್ಲಿ ಹೋದೆ. ಹೆಲ್ಮೆಟ್ ಇದೆಯಲ್ಲ, ಗುರುತು ಸಿಗುವುದಿಲ್ಲ ಎಂಬ ಧೈರ್ಯ. ಸುರಕ್ಷತಾ ಸಪ್ತಾಹದಲ್ಲಿ ಕಾರ್ಖಾನೆಯವರು ಅದರ ಹಣೆಗೆ ಅಂಟಿಸಿದ್ದ ದೊಡ್ಡ ಹಳದಿ ಸ್ಟಿಕರ್ ಮರೆತೇಹೋಗಿತ್ತು. ಹೆಬ್ಬಾಳದ ಹತ್ತಿರ ಟ್ರಾಫಿಕ್ಕಿನಲ್ಲಿ ಬಸ್ಸು ನಿಂತಾಗ ಅವಳು ಹಿಂದಿನ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು.

ಆ ಸಂಜೆ ಅವಳು ಕೂಗಾಡಲಿಲ್ಲ. "ಅಪ್ಪ, ಇವತ್ತಿಂದ ನೀನು ನನ್ನ ಏನೂ ಕೇಳ್ಬೇಡ. ನಾನೂ ಏನೂ ಹೇಳಲ್ಲ" ಅಂದಳು. ಹಾಗೆಯೇ ನಡೆದುಕೊಂಡಳು. ಒಂದೇ ಮನೆಯಲ್ಲಿದ್ದು ಅವಳಮ್ಮನ ಬಾಯಿಂದಲೇ ನನಗೆ ಸುದ್ದಿ ಬರುತ್ತಿತ್ತು. ಪರೀಕ್ಷೆ ಮುಗಿದ ಮೇಲೆ ಮನೆ ಬಿಟ್ಟು ಯಾವುದೋ ಪಿಜಿ ಹಾಸ್ಟೆಲಿಗೆ ಹೋಗುತ್ತಾಳಂತೆ ಎಂದು ಗೊತ್ತಾದದ್ದೂ ಹಾಗೆಯೇ. ಅವತ್ತು ನನಗೆ ನಿಜವಾಗಿ ಭಯವಾಯಿತು. ಮಾರನೇ ದಿನ ನಾದಿನಿಗೆ ಫೋನ್ ಮಾಡಿ ಆ ಮೇಡಂ ವಿಳಾಸ ಕೇಳಿದೆ.

ಕೆಂಪಾಪುರದಲ್ಲಿ ಕೆಳಗೆ ಇಸ್ತ್ರಿ ಅಂಗಡಿ, ಮೇಲೆ ಅವರ ಮನೆ. ಅರವತ್ತರ ಹತ್ತಿರದ ಹೆಂಗಸು, ಕಾಟನ್ ಸೀರೆ, ಓದುವ ಕನ್ನಡಕ ತಲೆಯ ಮೇಲೆ. ಗೋಡೆಯ ಮೇಲೆ ಒಂದು ಸರ್ಟಿಫಿಕೇಟೂ ಇರಲಿಲ್ಲ, ಅನುಮಾನ ಬಂತು. ಇದ್ದಿದ್ದರೆ ಅದು ಅಸಲಿಯೋ ನಕಲಿಯೋ ಎಂಬ ಅನುಮಾನ ಬರುತ್ತಿತ್ತು, ಆ ಮಾತು ಬೇರೆ. ನೆಲದ ಮೇಲೆ ಚಾಪೆ, ಹಳೇ ಪೇಪರು, ನೆನೆಸಿದ ಅವರೆಕಾಳಿನ ದೊಡ್ಡ ಬೇಸಿನ್ನು. ಕೂತುಕೊಳ್ಳಿ, ಹಿತುಕುತ್ತಾ ಮಾತಾಡೋಣ ಅಂದರು. ಫೀಸೂ ಕೊಟ್ಟು ಇವರ ಅಡುಗೆಮನೆ ಚಾಕರಿಯನ್ನೂ ಮಾಡಬೇಕೇ ಎಂದು ಮೈ ಉರಿಯಿತು. ಆದರೂ ಕೂತೆ.

ನಿಮಗೆ ಏನು ಬದಲಾಗಬೇಕು ಎಂದು ಕೇಳಿದರು. ಮಗಳು ಅಂದೆ.

"ಅವರು ಬಂದಿಲ್ವಲ್ಲ ಸರ್. ಬಂದಿರೋದು ನೀವು" ಅಂದರು, ಕಾಳಿನಿಂದ ಕಣ್ಣೆತ್ತದೆ.

ಅವರು ಕೊಟ್ಟ ಕೆಲಸ ವಿಚಿತ್ರವಾಗಿತ್ತು. ಮಗಳನ್ನು ಏನಾದರೂ ಕೇಳಬೇಕು ಅನಿಸಿದಾಗ ಕೇಳಬಾರದು. ಆ ಪ್ರಶ್ನೆಯನ್ನು ಹಾಗೇ ಇಟ್ಟುಕೊಂಡು ಶನಿವಾರ ಬಂದು ಇವರನ್ನು ಕೇಳಬೇಕು. ಸರಿ, ನಾನು ಪ್ರಶ್ನೆಗಳನ್ನು ಹೊತ್ತುಕೊಂಡು ಹೋಗುತ್ತಿದ್ದೆ. ಬುಧವಾರ ಯಾಕೆ ತಡವಾಯಿತು? ಆ ಹೊಸ ವಾಚು ಎಲ್ಲಿಂದ ಬಂತು? ಮೇಡಂ ನನ್ನ ಮಗಳ ಜಾಗದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು, ಉತ್ತರ ಕೊಡುತ್ತಿರಲಿಲ್ಲ. ನನ್ನದೇ ಮಾತು ನನ್ನದೇ ಕಿವಿಗೆ ಬಿದ್ದು, ಎಷ್ಟೋ ಪ್ರಶ್ನೆಗಳು ಅಲ್ಲೇ ಸಪ್ಪಗಾಗುತ್ತಿದ್ದವು. ಇನ್ನೂ ಕೆಲವು ಸಪ್ಪಗಾಗುತ್ತಿರಲಿಲ್ಲ.

ಆದರೆ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಪ್ರತಿ ಶನಿವಾರ ನಾನು ಹೊರಡುವಾಗ ಅವರು ಒಂದು ಸ್ಟೀಲ್ ಕ್ಯಾರಿಯರ್ ತೊಳೆದು ಒರೆಸಿ ಇಡುತ್ತಿದ್ದುದನ್ನು ನೋಡಿದ್ದೆ. ಒಂಟಿ ಹೆಂಗಸಿಗೆ ಇಷ್ಟೊಂದು ಬೇಳೆ ಯಾಕೆ? ನಮ್ಮಂಥವರ ಕೈಯಲ್ಲಿ ಹಿತುಕಿಸಿ ಮೆಸ್ಸಿಗೆ ಮಾರುತ್ತಾರೆ ಎಂದು ಹೆಂಡತಿಗೆ ಖಡಾಖಂಡಿತವಾಗಿ ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು. ಒಂದು ಭಾನುವಾರ ಇಸ್ತ್ರಿ ಅಂಗಡಿಯ ಎದುರಿನ ಮರದ ಕೆಳಗೆ ಸ್ಕೂಟರ್ ನಿಲ್ಲಿಸಿಕೊಂಡು ಕಾದೆ. ಸ್ಟಿಕರ್ ಕಿತ್ತು ಹಾಕಿದ್ದೆ.

ಮೇಡಂ ಕ್ಯಾರಿಯರ್ ಹಿಡಿದು ಆಟೋ ಹತ್ತಿದರು. ನಾನು ಹಿಂದೆ. ಯಲಹಂಕ ದಾಟಿ ಅಟ್ಟೂರಿನ ಒಂದು ಮನೆಯ ಮುಂದೆ ಇಳಿದರು. ಗೇಟಿಗೆ ಒಬ್ಬಳು ಹೆಂಗಸು ಬಂದಳು. ಮೂಗು, ಗಲ್ಲ ಎಲ್ಲ ಇವರದೇ. ಕ್ಯಾರಿಯರ್ ಒಳಗೆ ತೆಗೆದುಕೊಂಡಳು, ಹಿಂದಿನ ವಾರದ ಖಾಲಿ ಡಬ್ಬಿಗಳನ್ನು ಇವರ ಕೈಗೆ ಕೊಟ್ಟು ಗೇಟು ಹಾಕಿದಳು. ಒಂದು ಮಾತೂ ಆಡಲಿಲ್ಲ, ಬನ್ನಿ ಅನ್ನಲಿಲ್ಲ. ಮೇಡಂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು ಅದೇ ಆಟೋದಲ್ಲಿ ವಾಪಸ್ ಹೊರಟರು.

ನನಗೆ ಕಳ್ಳನನ್ನು ಹಿಡಿದಷ್ಟು ಖುಷಿ. ತಮ್ಮ ಮಗಳನ್ನೇ ಸರಿಮಾಡಿಕೊಳ್ಳಲಾಗದವರು ನನ್ನ ಮಗಳನ್ನು ನನಗೆ ಹೇಗೆ ವಾಪಸ್ ಕೊಡಿಸುತ್ತಾರೆ? ಮುಂದಿನ ಶನಿವಾರ ಚಾಪೆಯ ಮೇಲೆ ಕೂರುವ ಮೊದಲೇ ಎಲ್ಲ ಹೇಳಿಬಿಟ್ಟೆ. ಬೈಯಬಹುದು, ಇನ್ನು ಬರಬೇಡಿ ಅನ್ನಬಹುದು ಎಂದುಕೊಂಡಿದ್ದೆ. ಅವರು ಬೇಸಿನ್ನಿನಲ್ಲಿ ಕೈಯಾಡಿಸುತ್ತಾ ಕೂತಿದ್ದರು.

"ನಾನೂ ಅವಳ ಹಿಂದೆ ಹೀಗೇ ಹೋಗಿದ್ದೆ ಸರ್" ಅಂದರು ಕೊನೆಗೆ. "ಅಳಿಯನ ಮೇಲೆ ಅನುಮಾನ ಇತ್ತು, ಅವಳು ಏನೋ ಮುಚ್ಚಿಡ್ತಿದಾಳೆ ಅಂತ. ನನ್ನ ಅನುಮಾನ ನಿಜಾನೇ ಆಗಿತ್ತು. ಎಲ್ರ ಮುಂದೆ ಅದನ್ನ ಹೇಳ್ದೆ. ಅವತ್ತಿಂದ ಅವಳು ನನ್ನ ಜೊತೆ ಮಾತಾಡಿಲ್ಲ."

ನಾನು ಚಾಪೆಯ ಮೇಲೆ ಕೂತೆ. ಅನುಮಾನ ಸುಳ್ಳಾದರೆ ನಾಚಿಕೆಪಡಬೇಕು ಎಂದು ಗೊತ್ತಿತ್ತು, ನಿಜವಾದರೂ ಹೀಗಾಗಬಹುದು ಎಂದು ಯೋಚಿಸಿರಲಿಲ್ಲ. ಇಬ್ಬರೂ ಕೂತು ಬೇಸಿನ್ನು ಖಾಲಿಯಾಗುವ ತನಕ ಹಿತುಕಿದೆವು. ಆ ದಿನ ನಾನು ಒಯ್ದ ಪ್ರಶ್ನೆಗಳನ್ನು ಕೇಳಲಿಲ್ಲ.

ಬರುವಾಗ ದಾರಿಯಲ್ಲಿ ಅವರೆಕಾಯಿ ಕೊಂಡೆ. ಮನೆಯಲ್ಲಿ ಬಿಡಿಸಿ, ನೆನೆಸಿ, ಭಾನುವಾರ ನಡುಮನೆಯಲ್ಲಿ ಪೇಪರು ಹಾಸಿ ಒಬ್ಬನೇ ಕೂತೆ. ಹೆಂಡತಿ ನನ್ನ ಹಣೆ ಮುಟ್ಟಿ ನೋಡಿದಳು. ಮಗಳು ಅತ್ತಿಂದಿತ್ತ ಓಡಾಡಿದಳು, ಆಮೇಲೆ ಎದುರಿಗೆ ಬಂದು ಕೂತು ಕಾಳಿಗೆ ಕೈ ಹಾಕಿದಳು. ನನ್ನ ನಾಲಿಗೆ ತುದಿಯಲ್ಲಿ ಆ ವಾಚು ಕುಣಿಯುತ್ತಿತ್ತು. ನಾನು ಕೇಳಲಿಲ್ಲ, ಅವಳೂ ಏನೂ ಹೇಳಲಿಲ್ಲ. ಅದರ ಮುಂದಿನ ಭಾನುವಾರವೂ ಹಾಗೇ ಆಯಿತು. ಅವರೆ ಕಾಲ ಮುಗಿಯುತ್ತಾ ಬಂದ ಒಂದು ದಿನ ಅವಳೇ ಅಂದಳು, "ಅಪ್ಪ, ಕಾಲೇಜಲ್ಲಿ ಒಬ್ಬ ಹುಡುಗ ಇದಾನೆ."

ಅಂದರೆ ನನ್ನ ಅನುಮಾನವೂ ನಿಜವೇ. ನಾನು ಹೂಂ ಅಂದೆ. ಅಷ್ಟು ಅನ್ನಲು ನನಗೆ ಎಷ್ಟು ಕಷ್ಟವಾಯಿತೆಂದು ಯಾರಿಗೆ ಹೇಳಲಿ! ಆ ಹುಡುಗ ನನ್ನ ಅಳಿಯನಾಗಲಿಲ್ಲ. ಯಾಕೆ ಆಗಲಿಲ್ಲ ಎಂಬುದನ್ನೂ ಮುಂದೊಂದು ದಿನ ಅವಳೇ ಹೇಳಿದಳು. ಪಿಜಿಯ ಮಾತು ಮತ್ತೆ ಬರಲಿಲ್ಲ.

ಮೇಡಂ ಹತ್ತಿರ ಹೋಗುವುದು ಮೆಲ್ಲಗೆ ನಿಂತಿತು. ಕೆಲಸವಾದ ಮೇಲೆ ಮರೆಯುವುದು ಸುಲಭ. ಹೋದ ವರ್ಷ ಅವರೆ ಕಾಲದಲ್ಲಿ ಯಾಕೋ ಮನಸ್ಸು ತಡೆಯದೆ ಕೆಂಪಾಪುರಕ್ಕೆ ಹೋದೆ. ಮೇಲಿನ ಮನೆಯಲ್ಲಿ ಬೇರೆಯವರ ಬಟ್ಟೆ ಒಣಗುತ್ತಿದ್ದವು. ಇಸ್ತ್ರಿ ಅಂಗಡಿಯವನು ನನ್ನ ಗುರುತು ಹಿಡಿದು, ಮೇಡಂ ತೀರಿಕೊಂಡು ತುಂಬಾ ದಿನ ಆಯ್ತು ಸರ್, ಆಸ್ಪತ್ರೆಯಲ್ಲೇ ಹೋಗ್ಬಿಟ್ರು ಅಂದ. ಕೊನೆಗಾದರೂ ಆ ಮಗಳು ಬಂದಿದ್ದಳೇ ಎಂಬ ಪ್ರಶ್ನೆ ಗಂಟಲಿಗೆ ಬಂತು. ಅವನಿಗೆ ಗೊತ್ತಿರುತ್ತಿತ್ತು. ಕೇಳಲಿಲ್ಲ, ಸ್ಕೂಟರ್ ತಿರುಗಿಸಿದೆ.

ಇವತ್ತು ಮಧ್ಯಾಹ್ನ ಮಗಳು ಊಟಕ್ಕೆ ಬರುತ್ತಾಳೆ, ಅದಕ್ಕೇ ಹಿತುಕಿದ ಬೇಳೆ ಸಾರು. ಬೆಳಗಿನಿಂದ ಒಂದು ಯೋಚನೆ ಬಿಡುತ್ತಿಲ್ಲ. ಅಟ್ಟೂರಿನ ಮಗಳ ಕಥೆಯನ್ನು ಮೇಡಂ ನನ್ನಂಥ ಅನುಮಾನದ ಪ್ರಾಣಿಗೆಂದೇ ಕಟ್ಟಿ ಹೇಳಿದ್ದಿರಬಹುದೇ? ಗೇಟಿಗೆ ಬಂದವಳು ತಂಗಿಯೋ, ಇನ್ಯಾರೋ ಆಗಿರಬಹುದಲ್ಲ... ಆ ಮನೆ ನನಗೆ ಗೊತ್ತು, ಹೋಗಿ ವಿಚಾರಿಸುವುದು ದೊಡ್ಡದಲ್ಲ. ಆದರೆ ಇಂಥ ಪ್ರಶ್ನೆಗಳನ್ನು ಕೇಳದೆ ಹಾಗೇ ಇಟ್ಟುಕೊಂಡು ನಾನು ಕೆಂಪಾಪುರಕ್ಕಲ್ಲವೇ ಒಯ್ಯುತ್ತಿದ್ದುದು? ಇವತ್ತೂ ಶನಿವಾರ. ಹೋಗೋಣವೆಂದರೆ ಅಲ್ಲಿ ಅವರಿಲ್ಲ.